ಟಿಕೆಟ್ ಕಿಟಕಿಯ ಅಪ್ಪನಿಗೆ ಒಂದು ಪುಟ

ಸೊಂಖ್ಲಾ
೨೭ ಜೂನ್, ಬುದ್ಧಶಕ ೨೫೨೧

ಪೂಜ್ಯ ಸಂಗೋಪ್ ದೊಡ್ಡಪ್ಪನವರಿಗೆ ನಮಸ್ಕಾರ.

ಕ್ಷೇಮವಾಗಿ ತಲುಪಿದೆ. ಕ್ಷೇಮ ಎಂದರೆ ರೈಲು ಹಳಿ ತಪ್ಪಲಿಲ್ಲ ಎಂದಷ್ಟೇ ಅರ್ಥ. ಒಳಗೆ ಕೂತವರು ಹಳಿ ತಪ್ಪಿದರೆ ರೈಲ್ವೆ ಜವಾಬ್ದಾರಿಯಲ್ಲ. ಕಾಲೇಜಿನಲ್ಲಿ ಎಲ್ಲರೂ ಅಪ್ಪನ ಸೂತಕಕ್ಕೆ ತೊಟ್ಟ ನನ್ನ ಕಪ್ಪು ಬಟ್ಟೆ ನೋಡಿ ದನಿ ತಗ್ಗಿಸಿದ್ದಾರೆ. ನನ್ನ ತರಗತಿ ಇಷ್ಟು ನಿಶ್ಶಬ್ದವಾಗಿ ಎಂದೂ ಇರಲಿಲ್ಲ. ಶಿಸ್ತು ಬರಲು ಇಷ್ಟು ದುಬಾರಿ ಬೆಲೆ ತೆರಬೇಕಾಯಿತು.

ಏಳು ದಿನದ ಮಂತ್ರಪಠಣ ಮುಗಿದ ಸಂಜೆ ವಿಹಾರದ ಅಂಗಳದಲ್ಲಿ ನೀವು ಹೇಳಿದ್ದು ಇನ್ನೂ ಕಿವಿಯಲ್ಲಿದೆ. "ನೂರನೇ ದಿನಕ್ಕೆ ದಹನ, ಅಲ್ಲೀವರೆಗೆ ಪೆಟ್ಟಿಗೆ ವಿಹಾರದಲ್ಲೇ ಇರುತ್ತೆ. ಬಂದವರ ಕೈಗೆ ನಿಮ್ಮಪ್ಪನ ಹೆಸರಲ್ಲಿ ಒಂದು ಪುಸ್ತಕ ಕೊಡದೆ ಕಳಿಸಿದ್ರೆ ಊರು ನಗುತ್ತೆ. ಅಚ್ಚು ನಂದು, ಕಾಗದ ನಂದು. ಅವನ ಬಾಳಿನ ಬಗ್ಗೆ ಒಂದು ಪುಟ ನಿಂದು. ಸಾಹಿತ್ಯ ಪಾಠ ಮಾಡ್ತೀಯಲ್ಲ, ಬರಿ."

ದೊಡ್ಡಪ್ಪ, ಸಾಹಿತ್ಯ ಪಾಠ ಮಾಡುವವಳಿಗೆ ಬರೆಯಲು ಬರುತ್ತದೆ ಎನ್ನುವುದು ಈಜುಕೊಳಕ್ಕೆ ನೀರು ತುಂಬಿಸುವವನಿಗೆ ಈಜು ಬರುತ್ತದೆ ಎಂದ ಹಾಗೆ. ನಾಲ್ಕು ಸಲ ಕೂತೆ. "ಪ್ರಯೂನ್, ರೈಲ್ವೆ ಟಿಕೆಟ್ ಗುಮಾಸ್ತರು" ಎಂದು ಬರೆಯುತ್ತೇನೆ. ಅಲ್ಲಿಗೆ ಕಿಟಕಿ ಮುಚ್ಚಿಬಿಡುತ್ತದೆ.

ಇನ್ನೊಂದು ಸಂಗತಿ. ಅಪ್ಪನ ಕಪಾಟಿನಿಂದ ಒಂದು ಪುಸ್ತಕ ನನ್ನ ಚೀಲದಲ್ಲಿ ಬಂದುಬಿಟ್ಟಿದೆ. ಯಾರದೋ ದಹನದಲ್ಲಿ ಹಂಚಿದ್ದು, ಅಪ್ಪ ಕೂಡಿಟ್ಟ ಅಂಥ ಇನ್ನೂರರಲ್ಲಿ ಒಂದು. ಬಂದುಬಿಟ್ಟಿದೆ ಎನ್ನುವುದು ಸುಳ್ಳು, ನಾನೇ ತುರುಕಿಕೊಂಡೆ. ಹಿತವಚನ ಎಂಬ ಮಾತು ಕೇಳಿದರೇ ಆಕಳಿಸುತ್ತಿದ್ದವಳು ನಾನು. ರೈಲು ಚುಂಪೋನ್ ದಾಟುವಾಗ ಅಳು ತಡೆಯಲಾಗದೆ ಪುಸ್ತಕ ತೆರೆದೆ. ಯಾರೋ ಹಳ್ಳಿಯ ಭಿಕ್ಷುವಿನ ಮಾತು: "ಅಳು ಬಂದರೆ ಅಳು. ಆದರೆ ಅಕ್ಕಿ ತೊಳೆಯುತ್ತ ಅಳು. ಕೊನೆಗೆ ಅನ್ನವಾದರೂ ಆಗುತ್ತದೆ." ರೈಲಿನಲ್ಲಿ ಅಕ್ಕಿ ಎಲ್ಲಿಂದ ತರಲಿ? ಎದುರಿನ ಹೆಂಗಸು ಮಕ್ಕಳಿಗೆ ಕಿತ್ತಳೆ ಸುಲಿಯುತ್ತಿದ್ದಳು. ಇಸಿದುಕೊಂಡು ಆರು ಹಣ್ಣು ಸುಲಿದುಕೊಟ್ಟೆ. ಕೆಲಸ ಮಾಡಿತು, ದೊಡ್ಡಪ್ಪ. ಆರು ಹಣ್ಣಿನಷ್ಟು ಹೊತ್ತು.

ಪುಟ ಬರೆಯಲು ಬೇರೆ ಯಾರಾದರೂ ಸಿಗುತ್ತಾರಾ ನೋಡಿ.

ನಿಮ್ಮ ಚಾರುವನ್
(ಮನೆಯವರ ಬಾಯಲ್ಲಿ ಸಿಗಡಿ)


ಫೆಟ್ಚಬುರಿ
೬ ಜುಲೈ ೨೫೨೧

ಸಿಗಡಿ ಮರಿಗೆ ಆಶೀರ್ವಾದ.

ಬೇರೆ ಯಾರೂ ಸಿಗುವುದಿಲ್ಲ. ನಾನು ಅಚ್ಚುಮೊಳೆ ಜೋಡಿಸುವವನು. ಜಗತ್ತಿನ ಅಕ್ಷರವೆಲ್ಲ ನನಗೆ ಉಲ್ಟಾ ಕಾಣುತ್ತದೆ, ಬರೆಯಲು ಹೋದರೆ ಹಾಗೇ ಬಂದೀತು. ನಿನ್ನ ಅಮ್ಮನನ್ನು ಕೇಳಿದೆ. "ಒಳ್ಳೆ ಮನುಷ್ಯ. ಉಪ್ಪು ಕಮ್ಮಿ ಅಂತ ಒಂದು ದಿನ ತಟ್ಟೆ ಮುಂದೆ ಗೊಣಗಿದೋರಲ್ಲ. ಅಷ್ಟೇ ಹಾಕಿ" ಅಂದಳು. ಪುಟಕ್ಕೆ ಇಪ್ಪತ್ತೆಂಟು ಸಾಲು ಬೇಕು. ಇದು ಒಂದೂಕಾಲು ಸಾಲಾಯಿತು.

ಮೊದಲು ಫೋಟೋ, ಆಮೇಲೆ ಬಾಳಿನ ಪುಟ, ಆಮೇಲೆ ಭಿಕ್ಷುಗಳ ಉಪದೇಶ. ಉಪದೇಶ ಎಲ್ಲರಿಗೂ ಒಂದೇ. ಮೊಳೆ ಕಟ್ಟಿಯೇ ಇಟ್ಟಿದ್ದೇನೆ. ಒಬ್ಬರಿಂದ ಒಬ್ಬರಿಗೆ ಬದಲಾಗುವುದು ನಡುವಿನ ಆ ಒಂದು ಪುಟ. ಆಗಸ್ಟ್ ಮುಗಿಯುವುದರೊಳಗೆ ಬೇಕು.

ಬೆಟ್ಟದ ಕೋತಿಯೊಂದು ನಿನ್ನೆ ಅಚ್ಚುಮನೆಗೆ ನುಗ್ಗಿ ಪ್ರೂಫಿನ ಕಾಗದ ಎತ್ತಿಕೊಂಡು ಹೋಯಿತು. ತಪ್ಪು ತಿದ್ದಿ ತರುತ್ತದೋ ಎಂದು ಕಾಯುತ್ತಿದ್ದೇನೆ. ಅದು ತಂದರೂ ನೀನು ತರುವ ಹಾಗೆ ಕಾಣುವುದಿಲ್ಲ.

ಸಂಗೋಪ್


ಸೊಂಖ್ಲಾ
೨೦ ಜುಲೈ ೨೫೨೧

ಪ್ರೀತಿಯ ದೊಡ್ಡಪ್ಪ,

ಅಪ್ಪನ ಕಪಾಟಿನ ಆ ಪುಸ್ತಕವನ್ನು ದಿನಕ್ಕೊಂದು ಪುಟದಂತೆ ಓದುತ್ತಿದ್ದೇನೆ, ಔಷಧದ ಹಾಗೆ, ಊಟವಾದ ಮೇಲೆ. ಪಕ್ಕದ ಕೋಣೆಯ ಗಣಿತದ ಮೇಡಂ ನೋಡಿ, "ಏನ್ರೀ, ಸನ್ಯಾಸ ತಗೊಳ್ತೀರಾ?" ಎಂದು ಕೇಳಿದರು. "ಇಲ್ಲ ರೀ, ತಲೆ ಬೋಳಿಸೋಕೆ ಧೈರ್ಯ ಇಲ್ಲ" ಅಂದೆ.

ನಿಜ ಹೇಳಬೇಕೆಂದರೆ ಉಪದೇಶಕ್ಕಿಂತ ನನಗೆ ಹಿತವಾದದ್ದು ಮೊದಲಿನ ಬಾಳಿನ ಪುಟ. ಬಾನ್ ಲಾಟ್ ಕಡೆಯ ಪ್ಲಾಂಗ್ ಎಂಬವರದು. ತಾಳೆಮರ ಹತ್ತಿ ನೀರಾ ಇಳಿಸಿ ಬೆಲ್ಲ ಕಾಯಿಸುತ್ತಿದ್ದರಂತೆ. ಕೆಳಗೆ "ಕೃತಜ್ಞ ಮಕ್ಕಳು" ಎಂದಿದೆ. ಕೇಳಿ: "ಅಪ್ಪ ಮರದ ತುದಿಯಲ್ಲಿದ್ದಾಗ ನಾವು ಕೆಳಗಿನಿಂದ ಕೂಗಿ ಕೂಗಿ ಮಾತಾಡುತ್ತಿದ್ದೆವು. ಇಳಿದು ಬಂದು ಪಕ್ಕದಲ್ಲಿ ಕೂತಾಗ ಮಾತೇ ಇರುತ್ತಿರಲಿಲ್ಲ. ಅವರಿಗೆ ಪಾಕ ಗೊತ್ತಿತ್ತು, ನಮಗೆ ಅವರು ಗೊತ್ತಿರಲಿಲ್ಲ." ಯಾವ ಹಳ್ಳಿಯ ಹೆಣ್ಣುಮಗಳೋ ನನ್ನ ಹೊಟ್ಟೆಯೊಳಗಿನದನ್ನು ಓದಿ ಬರೆದ ಹಾಗಿದೆ. ಬಾಯಿಪಾಠವಾಗಿದೆ. ಸಂಕಟವಾದಾಗ ಹೇಳಿಕೊಳ್ಳುತ್ತೇನೆ, ಸ್ವಲ್ಪ ಇಳಿಯುತ್ತದೆ.

ಈಗ ಯಾರಿಗೂ ಹೇಳದಿದ್ದ ಮಾತು. ಐದು ವರ್ಷದ ಹಿಂದೆ, ಬ್ಯಾಂಕಾಕಿನಲ್ಲಿ ಓದುವಾಗ, ಒಂದು ವಾರಪತ್ರಿಕೆಗೆ ನಗೆಬರಹ ಬರೆದೆ. ಹೆಸರು "ಬೂದಿಯೊಡನೆ ಬುದ್ಧಿ ಉಚಿತ". ಒಬ್ಬ ಟಿಕೆಟ್ ಗುಮಾಸ್ತ. ಗುರುತು ಪರಿಚಯವಿಲ್ಲದವರ ದಹನಕ್ಕೆಲ್ಲ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋಗುತ್ತಾನೆ, ಶವಪೆಟ್ಟಿಗೆಯ ಬಳಿ ಶ್ರೀಗಂಧದ ಚಕ್ಕೆಯಿಂದ ಮಾಡಿದ ಹೂ ಇಡುತ್ತಾನೆ, ಪುಸ್ತಕ ಹೊಡೆದುಕೊಂಡು ಬರುತ್ತಾನೆ. ಬೆಳಗ್ಗೆ ಎದ್ದು "ಇವತ್ತು ಯಾರು ಹೋದ್ರೇ?" ಎಂದು ಹೆಂಡತಿಯನ್ನು ಕೇಳುತ್ತಾನೆ. "ಇವತ್ತು ಯಾರೂ ಇಲ್ಲ ರೀ, ಬೇಜಾರು ಮಾಡ್ಕೋಬೇಡಿ, ಹೊಟ್ಟೆ ತುಂಬ ಊಟ ಮಾಡಿ ಮಲಗಿ" ಎಂದು ಅವಳು ಸಮಾಧಾನ ಹೇಳುತ್ತಾಳೆ. ಹಾಸ್ಟೆಲೆಲ್ಲ ಬಿದ್ದು ಬಿದ್ದು ನಕ್ಕಿತು. ನನಗೆ ಹೆಸರು ಬಂತು. ಆ ವರ್ಷದಿಂದ ಅಪ್ಪ ದಹನಗಳಿಗೆ ಹೋಗುವುದು ನಿಂತಿತು. ರಜೆಗೆ ಬಂದವಳು ಕಪಾಟಿನ ಮೇಲಿನ ಧೂಳು ನೋಡಿದೆ. ನಾನು ಕೇಳಲಿಲ್ಲ. ಅವರು ಹೇಳಲಿಲ್ಲ.

ಜೂನಿನಲ್ಲಿ ಅಮ್ಮನ ಮೊದಲ ತಂತಿ ಬಂದಾಗ ನನ್ನ ಮೇಜಿನ ಮೇಲೆ ನಲವತ್ತು ಉತ್ತರಪತ್ರಿಕೆ ಉಳಿದಿದ್ದವು. ಅಪ್ಪನಿಗೆ ಕೆಮ್ಮು ಯಾವಾಗಲೂ ಇದ್ದದ್ದೇ, ಮುಗಿಸಿಯೇ ಹೊರಡೋಣ ಎಂದುಕೊಂಡೆ. ಮರುದಿನ ಎರಡನೆಯ ತಂತಿ. ನಾನು ಊರು ಮುಟ್ಟುವಷ್ಟರಲ್ಲಿ ಅಂಗೈಗೆ ನೀರೆರೆಯುವ ಶಾಸ್ತ್ರ ಮುಗಿದು ಪೆಟ್ಟಿಗೆ ಮುಚ್ಚಿತ್ತು. ಐಸ್ ಮಾರುವವನೂ ಬಂದು ಅಪ್ಪನ ಅಂಗೈ ಮೇಲೆ ನೀರು ಬಿಟ್ಟು "ತಪ್ಪಾಗಿದ್ರೆ ಕ್ಷಮಿಸಿ" ಎಂದು ಕೇಳಿಕೊಂಡನಂತೆ. ನಿಜವಾಗಿ ತಪ್ಪು ಮಾಡಿದ್ದವಳು ಒಬ್ಬಳೇ. ಅವಳು ಆ ಹೊತ್ತಿಗೆ ಸುರತ್‌ಥಾನಿಯ ಹತ್ತಿರ ರೈಲಿನಲ್ಲಿದ್ದಳು.

ಒಂದೇ ಒಂದು ಕೇಳುತ್ತೇನೆ. ಅಪ್ಪ ಆ ಬರಹ ಓದಿದ್ದರಾ?

ಚಾರುವನ್


ಫೆಟ್ಚಬುರಿ
೨ ಆಗಸ್ಟ್ ೨೫೨೧

ಸಿಗಡಿಗೆ,

ಮಳೆ ಹಿಡಿದಿದೆ. ಶಾಯಿ ಒಣಗುತ್ತಿಲ್ಲ. ನಿನ್ನ ಅಮ್ಮ ಮೊನ್ನೆ ಮೊಟ್ಟೆ, ತೆಂಗಿನಹಾಲು ಹಾಕಿ ಸಿಹಿ ಬೇಯಿಸಿ ಕಳಿಸಿದ್ದಳು. ಎಂದಿನಂತೆ ಮೂರು ಜನಕ್ಕಾಗುವಷ್ಟು ಮಾಡಿದ್ದಾಳೆ. ಕೈಗೆ ಇನ್ನೂ ಅಳತೆ ಬದಲಾಗಿಲ್ಲ. ನಾನೊಬ್ಬನೇ ತಿಂದು ಹೊಟ್ಟೆ ಕೆಡಿಸಿಕೊಂಡೆ.

ನೀನು ಕೇಳಿದ್ದರ ವಿಷಯ: ಫೋಟೋ ರೈಲ್ವೆ ಸಮವಸ್ತ್ರದ್ದೇ ಸರಿ ಎಂದು ನನಗೆ ಕಾಣುತ್ತದೆ.

ಕಪಾಟಿನಿಂದ ಇನ್ನೂ ನಾಲ್ಕು ಪುಸ್ತಕ ತೆಗೆದು ಪಾರ್ಸೆಲ್ ಮಾಡಿದ್ದೇನೆ. ಓದು. ಪುಟ ಎಲ್ಲಿ?

ಸಂಗೋಪ್


ಸೊಂಖ್ಲಾ
೧೪ ಆಗಸ್ಟ್ ೨೫೨೧

ದೊಡ್ಡಪ್ಪನವರಿಗೆ,

ನಾನು ಕೇಳದ ಪ್ರಶ್ನೆಗೆ ಉತ್ತರ ಕೊಟ್ಟಿದ್ದಕ್ಕೆ ಧನ್ಯವಾದ. ಸಮವಸ್ತ್ರದ್ದೇ ಇರಲಿ.

ನಾಲ್ಕೂ ಪುಸ್ತಕ ಓದಿದೆ. ಒಂದರಲ್ಲಿ, "ಸತ್ತವರಿಗೆ ಹೇಳದೆ ಉಳಿಸಿದ ಮಾತನ್ನು ಬದುಕಿರುವವರಿಗೆ ಹೇಳು" ಎಂದಿದೆ. ಹೇಳಿದೆ, ನಿಮಗೆ. ನೀವು ಫೋಟೋದ ಮಾತೆತ್ತಿದಿರಿ.

ಪುಟ ಇದರ ಹಿಂದಿದೆ. ದಯವಿಟ್ಟು ಬೇಗ ಮೊಳೆ ಜೋಡಿಸಿ. ಓದಬೇಡಿ, ಜೋಡಿಸಿ.

ಚಾರುವನ್

"ಅಪ್ಪ ಟಿಕೆಟ್ ಕಿಟಕಿಯ ಒಳಗಿದ್ದಾಗ ನಾವು ಹೊರಗಿನಿಂದ ಕೂಗಿ ಕೂಗಿ ಮಾತಾಡುತ್ತಿದ್ದೆವು. ಎದ್ದು ಬಂದು ಪಕ್ಕದಲ್ಲಿ ಕೂತಾಗ ಮಾತೇ ಇರುತ್ತಿರಲಿಲ್ಲ. ಅವರಿಗೆ ರೈಲಿನ ವೇಳೆ ಗೊತ್ತಿತ್ತು, ನಮಗೆ ಅವರು ಗೊತ್ತಿರಲಿಲ್ಲ…"


ಫೆಟ್ಚಬುರಿ
೨೨ ಆಗಸ್ಟ್ ೨೫೨೧

ಸಿಗಡಿ,

ಪುಟ ವಾಪಸು ಕಳಿಸಿದ್ದೇನೆ. ಓದಬೇಡ ಎಂದು ಮೊಳೆ ಜೋಡಿಸುವವನಿಗೆ ಹೇಳಬಾರದು. ಇದನ್ನು ಹನ್ನೊಂದು ವರ್ಷದ ಹಿಂದೆ ಒಂದೊಂದೇ ಅಕ್ಷರ ಹೆಕ್ಕಿ ನಾನೇ ಜೋಡಿಸಿದ್ದೆ, ಬೆರಳಿಗೆ ನೆನಪಿದೆ. ತಾಳೆಮರ ಕಡಿದು ಆ ಜಾಗದಲ್ಲಿ ಟಿಕೆಟ್ ಕಿಟಕಿ ನಿಲ್ಲಿಸಿದ್ದೀಯ. "ನಾವು" ಅಂತ ಬೇರೆ. ನೀನು ಒಬ್ಬಳೇ ಮಗಳು. ಉಳಿದವರು ಯಾರು, ಬೆಟ್ಟದ ಕೋತಿಗಳಾ?

ಬೈದದ್ದು ಮುಗಿಯಿತು. ಇನ್ನು, ಹೇಳುವುದಿಲ್ಲ ಎಂದು ಮಾತು ಕೊಟ್ಟಿದ್ದನ್ನು ಹೇಳುತ್ತೇನೆ. ಮಾತು ತೆಗೆದುಕೊಂಡವನು ಪೆಟ್ಟಿಗೆಯಲ್ಲಿ ಮಲಗಿದ್ದಾನೆ, ಜಗಳಕ್ಕೆ ಬರುವುದಿಲ್ಲ.

ಆ ಪುಟ ಪ್ಲಾಂಗನ ಮಕ್ಕಳು ಬರೆದದ್ದಲ್ಲ. ನಿನ್ನ ಅಪ್ಪ ಬರೆದದ್ದು.

ಹಳ್ಳಿಯವರು ಅಚ್ಚುಮನೆಗೆ ಬಂದು, "ಒಳ್ಳೆಯೋರಾಗಿದ್ರು ಅಂತ ಹಾಕಿ ಯಜಮಾನ್ರೇ, ಅದಕ್ಕಿಂತ ಜಾಸ್ತಿ ಹೇಳೋಕೆ ನಮಗೆ ಬರಲ್ಲ" ಎನ್ನುತ್ತಿದ್ದರು. ಒಂದು ಸಲ ಪ್ರಯೂನ್ ಅಲ್ಲೇ ಕೂತಿದ್ದ, ನನ್ನನ್ನು ಎಂದೂ ಅಣ್ಣ ಎಂದು ಕರೆಯದ ತಮ್ಮ. "ಸತ್ತೋರೆಲ್ಲ ಒಂದೇ ಥರ ಒಳ್ಳೆಯೋರಾಗಿರೋಕೆ ಆಗುತ್ತೇನೋ?" ಎಂದು ಕೇಳಿದ. ಅವತ್ತಿನಿಂದ ಶುರು. ರಜೆಯ ದಿನ ಸೈಕಲ್ ತುಳಿದು ಆ ಮನೆಗಳಿಗೆ ಹೋಗುತ್ತಿದ್ದ. ಮೆಟ್ಟಿಲ ಮೇಲೆ ಕೂತು ಏನೇನೋ ಕೇಳುತ್ತಿದ್ದ. ಯಾವ ಕೈಯಲ್ಲಿ ಕತ್ತಿ ಹಿಡೀತಿದ್ರು, ಯಾರನ್ನು ಬೈತಿದ್ರು, ಏನು ತಿನ್ನೋಕೆ ಕೊಟ್ರೆ ಸಿಟ್ಟು ಇಳೀತಿತ್ತು. ಕೆಳಗೆ ಮಕ್ಕಳ ಹೆಸರು ಮಾತ್ರ ಇರಬೇಕು, ತನ್ನದು ಎಲ್ಲೂ ಬರಬಾರದು. "ಅಪ್ಪನ ಬಗ್ಗೆ ಬರೆಯೋಕೂ ಊರೋರನ್ನ ಕರೆಸಿದ್ರು ಅಂತ ಆ ಮಕ್ಕಳನ್ನ ಆಡ್ಕೊಳ್ತಾರೆ ಕಣೋ" ಅಂದ. ನಿನ್ನ ಅಮ್ಮನಿಗೂ ಹೇಳಲಿಲ್ಲ. ನನ್ನ ಜೊತೆ ಚದುರಂಗ ಆಡುತ್ತಾನೆಂದು ಅವಳು ನಂಬಿದ್ದಳು. ಅವನಿಗೆ ಕುದುರೆ ನಡೆಸಲೂ ಬರುತ್ತಿರಲಿಲ್ಲ.

ದಹನಗಳಿಗೆ ಹೋಗುತ್ತಿದ್ದದ್ದು ಅದಕ್ಕೆ. ಕೊನೆಯ ಸಾಲಿನಲ್ಲಿ ನಿಂತು ನೋಡುವುದು, ಜನ ಆ ಪುಟ ಓದುತ್ತಾರೋ, ಪುಸ್ತಕ ಮಡಿಚಿ ಗಾಳಿ ಬೀಸಿಕೊಳ್ಳುತ್ತಾರೋ ಎಂದು. ಸಾಮಾನ್ಯವಾಗಿ ಬೀಸಿಕೊಳ್ಳುತ್ತಿದ್ದರು. "ಇವತ್ತು ಒಬ್ಬ ಓದ್ದ ಕಣೋ, ಸಂಗೋಪ್! ತುಟಿ ಅಲ್ಲಾಡಿಸ್ತಾ ಓದ್ದ!" ಎಂದು ಒಮ್ಮೆ ಓಡಿಬಂದಿದ್ದ.

ಇನ್ನು ನೀನು ಕೇಳಿದ್ದು. ಓದಿದ್ದ. ವಾರಪತ್ರಿಕೆ ಅಂಗಿಯೊಳಗಿಟ್ಟುಕೊಂಡು ಅಚ್ಚುಮನೆಗೆ ಬಂದು ನನಗೆ ಪೂರ್ತಿ ಓದಿ ಹೇಳಿದ. ಎರಡು ಕಡೆ ಜೋರಾಗಿ ನಕ್ಕ. "ಏನ್ ಚೆನ್ನಾಗ್ ಬರೀತಾಳೆ ನೋಡೋ!" ಅಂದ. ನಾನು ನಗಲಿಲ್ಲ. "ನಿಜ ಹೇಳಿಬಿಡೋ ಅವಳಿಗೆ" ಅಂದೆ. "ಹೇಳಿದ್ರೆ ಅವಳಿಗೆ ನಾಚಿಕೆ ಆಗುತ್ತೆ. ನಕ್ಕೊಂಡಿರ್ಲಿ ಬಿಡು" ಅಂದ. ಮುಂದಿನ ತಿಂಗಳು ಒಂದು ಮನೆಯವರು ಬಂದಾಗ, "ಕಣ್ಣು ಮಂಜಾಗಿದೆ, ಬೇರೆಯವರಿಗೆ ಹೇಳು" ಅಂದ. ಮಂಜುಗಣ್ಣಿನವನು ನಿವೃತ್ತಿಯವರೆಗೆ ಇನ್ನೂ ಎರಡು ವರ್ಷ ಟಿಕೆಟಿನ ಮೇಲಿನ ಇರುವೆಯಂಥ ಅಕ್ಷರ ಓದಿದ. ನಾನೂ ಕೆದಕಲಿಲ್ಲ. ಕೆದಕಬೇಕಿತ್ತು.

ಕ್ಷಮಿಸಿದ್ದನೋ ಇಲ್ಲವೋ ನನಗೆ ಹೇಳಲಿಲ್ಲ. ಕೈಬರಹದಲ್ಲಿ ಇಲ್ಲದ್ದನ್ನು ನಾನು ಅಚ್ಚು ಹಾಕುವವನಲ್ಲ, ನಿನ್ನ ಸಮಾಧಾನಕ್ಕೂ ಸಹ.

ಒಂಬತ್ತು ದಿನ ಉಳಿದಿದೆ. ನಿನ್ನ ಅಪ್ಪನ ಬಗ್ಗೆ ಬರಿ.

ಸಂಗೋಪ್


ಸೊಂಖ್ಲಾ
೩೦ ಆಗಸ್ಟ್ ೨೫೨೧

ದೊಡ್ಡಪ್ಪ,

ಪುಟ ಇದೆ. ಇಪ್ಪತ್ತೆಂಟು ಸಾಲು ತುಂಬಿಲ್ಲ. ಉಳಿದ ಜಾಗ ಖಾಲಿ ಬಿಡಿ. ಅವರ ಗುಟ್ಟು ಹೇಳಿಲ್ಲ, ನನ್ನದು ಹೇಳಿದ್ದೇನೆ.

ಚಾರುವನ್

"ಪ್ರಯೂನ್ ಅವರು ಫೆಟ್ಚಬುರಿ ಸ್ಟೇಷನ್ನಿನಲ್ಲಿ ಮೂವತ್ತೊಂದು ವರ್ಷ ಟಿಕೆಟ್ ಕೊಟ್ಟರು. ನಿಮ್ಮಲ್ಲಿ ಅನೇಕರು ಅವರ ಕೈಯಿಂದ ಟಿಕೆಟ್ ಪಡೆದಿದ್ದೀರಿ. ಮುಖ ನೋಡಿರಲಾರಿರಿ, ಕಿಟಕಿ ಅಷ್ಟು ಸಣ್ಣದಿತ್ತು. ನಾನು ಅವರ ಒಬ್ಬಳೇ ಮಗಳು. ಅವರ ಬಗ್ಗೆ ನಾನು ಇದುವರೆಗೆ ಒಂದೇ ಬರಹ ಬರೆದಿದ್ದೇನೆ. ಅದು ನಗಿಸುವಂತಿತ್ತು, ನಿಜವಾಗಿರಲಿಲ್ಲ. ಅವರು ನಿಮ್ಮ ಮನೆಗಳ ದಹನಕ್ಕೆ ಬರುತ್ತಿದ್ದದ್ದು ಪುಸ್ತಕ ಸಿಗುತ್ತದೆಂದಲ್ಲ. ಏಕೆಂದು ಹೇಳುವ ಹಕ್ಕು ನನ್ನದಲ್ಲ. ನಿಮ್ಮಲ್ಲಿ ಕೆಲವರಿಗೆ ಗೊತ್ತು. ಅವರಿಗೆ ಯಾವ ಹಣ್ಣು ಇಷ್ಟ, ರೈಲು ಹೊರಟ ಮೇಲೆ ಖಾಲಿ ಪ್ಲಾಟ್‌ಫಾರ್ಮಿನಲ್ಲಿ ನಿಂತು ಏನು ಯೋಚಿಸುತ್ತಿದ್ದರು, ನನಗೆ ತಿಳಿಯದು. ಕೇಳಲಿಲ್ಲ. ಅವರ ಅಂಗೈಗೆ ನೀರು ಬಿಡುವ ಹೊತ್ತಿಗೂ ತಲುಪಲಿಲ್ಲ. ಅಚ್ಚಿನಲ್ಲಿ ಮಾಡಿದ ತಪ್ಪನ್ನು ಅಚ್ಚಿನಲ್ಲೇ, ನಿಮ್ಮೆಲ್ಲರ ಮುಂದೆ ಒಪ್ಪಿಕೊಳ್ಳುತ್ತೇನೆ. ಅಪ್ಪ, ತಪ್ಪಾಯ್ತು."


ಫೆಟ್ಚಬುರಿ
೭ ಸೆಪ್ಟೆಂಬರ್ ೨೫೨೧

ಸಿಗಡಿ ಮರಿಗೆ,

ಅಚ್ಚಾಯಿತು. ಒಂದು ಅಕ್ಷರವನ್ನೂ ಮುಟ್ಟಿಲ್ಲ.

ಮೊದಲ ಪ್ರತಿ ನಿನ್ನ ಅಮ್ಮನಿಗೆ ಓದಿ ಹೇಳಿದೆ. ಸಿಡಿದು ಬಿದ್ದಳು. "ದಹನದ ಪುಸ್ತಕದಲ್ಲಿ ಯಾರಾದ್ರೂ ತಪ್ಪೊಪ್ಪಿಗೆ ಹಾಕ್ತಾರಾ ಭಾವ? ಹುಡುಗಿಗೆ ಬುದ್ಧಿ ಇಲ್ಲ, ನಿಮಗಾದ್ರೂ ಬೇಡ್ವಾ?" ಎಂದಳು. ಆಗ ಎಲ್ಲ ಹೇಳಬೇಕಾಯಿತು. ಬೀನ್ಸ್ ಸೋಸುತ್ತಿದ್ದವಳು ನಾರನ್ನು ಪಾತ್ರೆಗೆ, ಕಾಯನ್ನು ಕಸಕ್ಕೆ ಹಾಕತೊಡಗಿದಳು. ಆಮೇಲೆ, "ಹಾಗಾದ್ರೆ ಚದುರಂಗ ಅಲ್ವಾ?" ಅಂದಳು. "ಸೋತು ಬಂದ್ರಾ, ಗೆದ್ದು ಬಂದ್ರಾ ಅಂತ ಪ್ರತಿ ಸಲ ಕೇಳ್ತಿದ್ದೆ. ಸೋತೆ ಕಣೇ ಅಂತಿದ್ರು. ನಂಗೆ ಹೇಳಿದ್ರೆ ನಾನೇನು ಬೇಡ ಅಂತಿದ್ನಾ?"

ಕೊನೆಗೆ, "ಹಾಕಿ. ಅವಳು ಇನ್ನೆಲ್ಲಿ ಹೋಗಿ ಹೇಳ್ಕೊಳ್ತಾಳೆ" ಎಂದಳು.

ಭಾನುವಾರ ಹದಿನೇಳಕ್ಕೆ ದಹನ. ಈ ಸಲ ಒಂದು ದಿನ ಮುಂಚೆ ಬಾ.

ಸಂಗೋಪ್


ಬಾನ್ ಲಾಟ್
೧೫ ಅಕ್ಟೋಬರ್ ೨೫೨೧

ಪ್ರೀತಿಯ ದೊಡ್ಡಪ್ಪ,

ಇಲ್ಲಿಂದ ನಿಮ್ಮ ಅಚ್ಚುಮನೆಗೆ ನಡೆದರೂ ಎರಡು ಗಂಟೆ. ಆದರೂ ಕಾಗದ ಬರೆಯುತ್ತಿದ್ದೇನೆ. ಎದುರಿಗೆ ಹೇಳಲು ಹೋದರೆ ನೀವು ಫೋಟೋದ ಮಾತು ತೆಗೆಯುತ್ತೀರಿ, ನಾನು ಜೋಕು ಹೊಡೆಯುತ್ತೇನೆ.

ದಹನದ ದಿನ ನೀವು ಅತಿಥಿಗಳನ್ನು ಕೂರಿಸುವ ಗಡಿಬಿಡಿಯಲ್ಲಿದ್ದಿರಿ. ನಾನು ಹಿಂದಿನ ಸಾಲಿನಲ್ಲಿ ನಿಂತು ಎಣಿಸಿದೆ. ಪುಟ ಓದಿದವರು ಹನ್ನೆರಡು ಜನ. ಉಳಿದವರೆಲ್ಲ ಗಾಳಿ ಬೀಸಿಕೊಂಡರು. ಓದಿದವರಲ್ಲಿ ಒಬ್ಬರು, ಐವತ್ತರ ಹತ್ತಿರದ ಹೆಂಗಸು, ನೇರ ನನ್ನ ಹತ್ತಿರ ಬಂದು, "ನಾನು ಪ್ಲಾಂಗನ ಮಗಳು, ಸಮ್ರುವಾಯ್" ಎಂದರು. ಅವರ ತಾಯಿ ಹೋಗಿ ತಿಂಗಳಾಯಿತಂತೆ. "ನಿಮ್ಮಪ್ಪ ಇದ್ದಿದ್ರೆ ಅವರನ್ನೇ ಕರೀತಿದ್ವಿ. ನೀವು ಬರ್ತೀರಾ ತಾಯಿ?"

ಕಾಲೇಜಿಗೆ ರಜೆ ಬಂದ ಮೇಲೆ ಬರುತ್ತೇನೆಂದಿದ್ದೆ. ನಿನ್ನೆ ಬಂದೆ. ಅವರ ಮನೆಯ ಮೆಟ್ಟಿಲ ಮೇಲೆ ಕೂತು ಕೇಳಬೇಕಾದ್ದೆಲ್ಲ ಕೇಳಿದೆ. ತಾಯಿ ಬೆಲ್ಲದ ಒಲೆಯ ಮುಂದೆ ಯಾರನ್ನೂ ಮಾತಾಡಲು ಬಿಡುತ್ತಿರಲಿಲ್ಲವಂತೆ, ಪಾಕ ಕೆಡುತ್ತದೆಂದು. ಹುಳಿ ಮಾವಿನಕಾಯಿ ಕೊಟ್ಟರೆ ಎಂಥ ಸಿಟ್ಟೂ ಇಳಿಯುತ್ತಿತ್ತಂತೆ. ಗಂಡ ಮರದ ಮೇಲಿದ್ದಾಗ ಬೈಯುವುದೆಲ್ಲ ಬೈದು, ಇಳಿಯುವಷ್ಟರಲ್ಲಿ ಮುಗಿಸುತ್ತಿದ್ದರಂತೆ. ಅಪರಿಚಿತ ಹೆಂಗಸಿನ ತಾಯಿಯ ಬಗ್ಗೆ ಒಂದು ಮಧ್ಯಾಹ್ನದಲ್ಲಿ ನನಗೆ ಇಷ್ಟು ತಿಳಿಯಿತು. ಪುಟ ಬರೆದಿದ್ದೇನೆ, ಬಸ್ಸಿನ ಕಂಡಕ್ಟರ್ ಕೈಯಲ್ಲಿ ಈ ಕಾಗದದ ಜೊತೆಗೇ ಕಳಿಸುತ್ತಿದ್ದೇನೆ.

ಆದರೆ ಕಾಗದ ಅದಕ್ಕಲ್ಲ. ಎಲ್ಲ ಮುಗಿದ ಮೇಲೆ, "ಅಕ್ಕ, ನಿಮ್ಮಪ್ಪನ ಪುಟವನ್ನು ನಾನು ಎಷ್ಟು ಸಲ ಓದಿದ್ದೀನೋ ಲೆಕ್ಕವಿಲ್ಲ. ನಮ್ಮಪ್ಪ ಹೋದ ಮೇಲೆ ನನ್ನನ್ನು ಹಿಡಿದು ನಿಲ್ಲಿಸಿದ್ದೇ ಅದು. ನೀವು ಹೇಳಿದ್ದನ್ನೇ ನಮ್ಮಪ್ಪ ಬರೆದರಾ?" ಎಂದು ಕೇಳಿದೆ.

"ಎಲ್ಲಿ ತಾಯಿ!" ಎಂದರು. "ಮರದ್ದು, ಬೆಲ್ಲದ್ದು ನಾನು ಹೇಳಿದ್ದು. ಕೊನೇಲಿ ಅವ್ರು, ಅಪ್ಪ ಅಂದ್ರೆ ನಿಂಗೆ ಏನನ್ಸುತ್ತಮ್ಮಾ ಅಂತ ಕೇಳಿದ್ರು. ನಾನು ಸುಮ್ನೆ ಅಳ್ತಾ ಕೂತೆ. ಆಗ ಅವ್ರು, ಬಿಡಮ್ಮಾ, ಅಳಬೇಡ. ನಂಗೂ ಒಬ್ಳು ಮಗಳಿದಾಳೆ, ಹದಿನೈದು ವರ್ಷ. ನಾನು ಹೋದ್ಮೇಲೆ ಅವಳು ಏನು ಬರೀಬಹುದು ಅಂತ ಯೋಚ್ನೆ ಮಾಡಿ ಬರೀತೀನಿ, ಅಂದ್ರು."

ದೊಡ್ಡಪ್ಪ, ಆ ಸಾಲು ನಿಮಗೆ ನೆನಪಿದೆ, ನಿಮ್ಮ ಬೆರಳಿಗೂ ನೆನಪಿದೆ: "ನಮಗೆ ಅವರು ಗೊತ್ತಿರಲಿಲ್ಲ." ನನ್ನ ಸಂಕಟಕ್ಕೆ ಯಾರೋ ಹಳ್ಳಿಯವಳು ಮಾತು ಕೊಟ್ಟಳು ಎಂದುಕೊಂಡು ಇಷ್ಟು ದಿನ ಸಮಾಧಾನಪಟ್ಟೆ. ಅದು ಹದಿನೈದು ವರ್ಷದ ನನ್ನನ್ನು ನೋಡಿ ಅಪ್ಪ ಬರೆದ ಸಾಲು. ಬರೆದು, ಕಾಗದ ಮಡಿಚಿ ನಿಮ್ಮ ಕೈಗೆ ಕೊಟ್ಟು, ಸೈಕಲ್ ತುಳಿದು ಮನೆಗೆ ಬಂದು, ಕೈಕಾಲು ತೊಳೆದು ನನ್ನ ಪಕ್ಕದಲ್ಲಿ ಊಟಕ್ಕೆ ಕೂತಿರಬೇಕು.

ಅವತ್ತು ನಾವಿಬ್ಬರೂ ಏನಾದರೂ ಮಾತಾಡಿದೆವಾ ಎಂದು ನಿನ್ನೆಯಿಂದ ನೆನಪು ಮಾಡಿಕೊಳ್ಳುತ್ತಿದ್ದೇನೆ. ನೆನಪಾಗುತ್ತಿಲ್ಲ.

ನಿಮ್ಮ
ಚಾರುವನ್